ಮನೆ ಉಟ್ಟು, ಕೆಲ್ಸ ಇಲ್ಲೆ: ಕೊಡಗಿನ ಪುನರ್ವಸತಿ ಬಡಾವಣೆಯಿಂದ ಒಂದು ಪ್ರಕರಣ ಅಧ್ಯಯನ

62 ವರ್ಷದ ತಾಯಿ. ಮನೆಮಾತು ಅರೆಭಾಷೆ, ಕೊಡಗು–ಸುಳ್ಯ ಕಡೆಯ ಕನ್ನಡದ ಒಂದು ಬಗೆ. ಶೀರ್ಷಿಕೆಯ ಮಾತು ಅದರದೇ: ಮನೆ ಇದೆ, ಕೆಲಸ ಇಲ್ಲ. 2018ರ ಆಗಸ್ಟ್‌ವರೆಗೆ ಮಡಿಕೇರಿ ತಾಲ್ಲೂಕಿನ ಒಂದು ಗುಡ್ಡದ ಮಗ್ಗುಲಲ್ಲಿ ಮೂರು ಎಕರೆ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು, ಕೆಳಗೆ ಅರ್ಧ ಎಕರೆ ಗದ್ದೆ, ಕೊಟ್ಟಿಗೆಯಲ್ಲಿ ಎರಡು ಹಸು ಇದ್ದವು. ಈಗ ಇರುವುದು 30x40 ಅಡಿ ನಿವೇಶನದಲ್ಲಿ ಎರಡು ಕೋಣೆಯ ತಾರಸಿ ಮನೆ. ಜೊತೆಗೆ 38ರ ಮಗ, ಸೊಸೆ, 11 ವರ್ಷದ ಮೊಮ್ಮಗಳು. 2022ರ ಮಾರ್ಚ್‌ನಲ್ಲಿ ಬಿಪಿ, ಶುಗರ್ ನೋಡಲು ಬಂದ ಆಶಾ ಕಾರ್ಯಕರ್ತೆ ತಮ್ಮ ಪುಸ್ತಕದಲ್ಲಿ ಬರೆದುಕೊಂಡದ್ದು ಒಂದೇ ಸಾಲು: ತೂಕ 47 ಕೆ.ಜಿ., ಹೋದ ವರ್ಷ 54. ಶುಗರ್ ಸರಿಯಿತ್ತು, ಜ್ವರವಿಲ್ಲ, ಕೆಮ್ಮಿಲ್ಲ. ಪ್ರಕರಣ ಶುರುವಾದದ್ದು ಆ ಸಾಲಿನಿಂದ.

ಇಲ್ಲಿ ಬರುವ ಕುಟುಂಬ ಯಾವುದೋ ಒಂದೇ ಮನೆಯದಲ್ಲ. ಇಂಥ ಬಡಾವಣೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದು ಪ್ರಕರಣವಾಗಿ ಜೋಡಿಸಿ, ಗುರುತು ಹತ್ತುವ ವಿವರಗಳನ್ನು ಬದಲಿಸಲಾಗಿದೆ. ಆಶಾ ಕಾರ್ಯಕರ್ತೆಯರು, ಸಮುದಾಯ ಆರೋಗ್ಯ ಅಧಿಕಾರಿಗಳು, ಮನೋಸಾಮಾಜಿಕ ಕಾರ್ಯಕರ್ತರು ನಾಳೆ ಇಂಥದೇ ಮನೆಯ ಬಾಗಿಲು ತಟ್ಟುವಾಗ ಉಪಯೋಗಕ್ಕೆ ಬರಲಿ ಎಂಬುದು ಉದ್ದೇಶ.

ಹಿನ್ನೆಲೆ

2018ರ ಆಗಸ್ಟ್ ನಡುವೆ ಸುರಿದ ಮಳೆಗೆ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮದೆನಾಡು, ಜೋಡುಪಾಲ, ಕಾಲೂರು, ಗಾಳಿಬೀಡು ಕಡೆಯ ಗುಡ್ಡಗಳು ಜರಿದವು. ಜನ ಮೊದಲು ಪರಿಹಾರ ಕೇಂದ್ರಕ್ಕೆ, ಅಲ್ಲಿಂದ ಬಾಡಿಗೆ ಮನೆಗೆ, 2020ರ ಜೂನ್‌ನಿಂದ ಜಂಬೂರು, ಮದೆನಾಡು ಮೊದಲಾದ ಕಡೆ ಸರ್ಕಾರ ಕಟ್ಟಿಸಿದ ಮನೆಗಳಿಗೆ ಹೋದರು. ನಮ್ಮ ಪತ್ರಿಕೆಗಳು ಇವರನ್ನು ಒಮ್ಮೆ ಸಂತ್ರಸ್ತರು ಎಂದವು, ಒಮ್ಮೆ ನಿರಾಶ್ರಿತರು ಎಂದವು. 1951ರ ಅಂತರರಾಷ್ಟ್ರೀಯ ಒಡಂಬಡಿಕೆಯ ಪ್ರಕಾರ ದೇಶದ ಗಡಿ ದಾಟಿದವರು ಮಾತ್ರ ನಿರಾಶ್ರಿತರು. ಸ್ವಂತ ದೇಶದೊಳಗೇ ನೆಲೆ ಕಳೆದುಕೊಂಡವರಿಗೆ ವಿಶ್ವಸಂಸ್ಥೆ 1998ರಲ್ಲಿ ಬೇರೆಯೇ ಮಾರ್ಗಸೂಚಿ ತಂದಿತು. ಕಾನೂನಿಗೆ ಈ ವ್ಯತ್ಯಾಸ ದೊಡ್ಡದು. ಮನಸ್ಸಿನ ಮಟ್ಟದಲ್ಲಿ ಮಾತ್ರ ಎರಡು ಗುಂಪಿನ ಕಷ್ಟಗಳು ಬಹಳ ಹತ್ತಿರ. ಕುಶಾಲನಗರದ ಸೇತುವೆ ದಾಟಿದರೆ ಮೈಸೂರು ಜಿಲ್ಲೆಯ ಬೈಲಕುಪ್ಪೆ. 1960ರ ದಶಕದ ಆರಂಭದಿಂದ ಅಲ್ಲಿ ಟಿಬೆಟನ್ನರ ವಸತಿ ಇದೆ. ಅಲ್ಲಿನ ಹಿರಿಯರು ನಿದ್ದೆಗೇಡು, ಎದೆಬಡಿತ, ಹೆದರಿಕೆಯನ್ನು ‘ಲುಂಗ್’, ಅಂದರೆ ಮೈಯೊಳಗಿನ ಗಾಳಿಯ ಏರುಪೇರು ಎನ್ನುತ್ತಾರೆ. ನಮ್ಮ ಕಡೆಯ ಹಿರಿಯರು ‘ಗ್ಯಾಸು’, ‘ತಲೆ ಭಾರ’, ‘ನರದ ವೀಕ್ನೆಸ್ಸು’ ಎನ್ನುತ್ತಾರೆ. ಹೊಳೆಯ ಎರಡೂ ದಡದಲ್ಲಿ ‘ನನಗೆ ಮನಸ್ಸಿನ ಕಾಯಿಲೆ’ ಎಂದು ಬಾಯಿಬಿಟ್ಟು ಹೇಳುವವರು ಅಪರೂಪ.

ಈ ತಾಯಿಯ ಗಂಡ ಹೃದಯದ ಕಾಯಿಲೆಯಿಂದ 2019ರ ನವೆಂಬರ್‌ನಲ್ಲಿ ಬಾಡಿಗೆ ಮನೆಯಲ್ಲಿ ತೀರಿಕೊಂಡರು. ತೋಟದ ಮೂಲೆಯಲ್ಲಿದ್ದ, ಕುಟುಂಬದವರ ಸಂಸ್ಕಾರದ ಜಾಗಕ್ಕೆ ಹೋಗಲು ದಾರಿಯೇ ಉಳಿದಿರಲಿಲ್ಲ. ಸಂಸ್ಕಾರ ಪೇಟೆಯ ಸ್ಮಶಾನದಲ್ಲಿ ಮುಗಿಯಿತು. ಮೂರು ಎಕರೆಯಲ್ಲಿ ಸುಮಾರು ಒಂದು ಎಕರೆ ಕಾಫಿ ಉಳಿದಿದೆ. ಮಗ ಬೆಳಿಗ್ಗೆ ಏಳರ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಾನೆ, ಕತ್ತಲಾದ ಮೇಲೆ ಬರುತ್ತಾನೆ.

ಮೊದಲ ತಪಾಸಣೆ ಎಡವಿದ್ದು ಎಲ್ಲಿ

2022ರ ಏಪ್ರಿಲ್‌ನಲ್ಲಿ ಖಿನ್ನತೆಯ ಲಕ್ಷಣ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ತುಂಬಿಸಲಾಯಿತು. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆಗೆ ವಿವರವಾದ ಪರೀಕ್ಷೆ ಬೇಕು. ಇವರಿಗೆ ಬಂದದ್ದು 6. ‘ಸೌಮ್ಯ, ಆರು ತಿಂಗಳ ನಂತರ ನೋಡುವುದು’ ಎಂದು ಬರೆದು ಬಿಡಲಾಯಿತು.

ಆ 6 ಹೇಗೆ ಬಂತು ಎಂದು ಬಿಡಿಸಿ ನೋಡಿದರೆ ಮೂರು ತಪ್ಪು ಕಾಣುತ್ತವೆ. ಪ್ರಶ್ನೆ ಕೇಳಿದ್ದು ಜಗಲಿಯಲ್ಲಿ, ಮಗ ಮತ್ತು ಪಕ್ಕದ ಮನೆಯವರ ಎದುರಿಗೆ. ಮಗ ಕೇಳುತ್ತಿರುವಾಗ ಯಾವ ತಾಯಿ ತಾನೇ ‘ಬದುಕು ಬೇಡವಾಗಿದೆ’ ಎನ್ನುತ್ತಾಳೆ? ಎರಡನೆಯದು ಭಾಷೆ. ‘ಕೆಲಸಗಳನ್ನು ಮಾಡುವುದರಲ್ಲಿ ಆಸಕ್ತಿ ಅಥವಾ ಸಂತೋಷ ಕಡಿಮೆಯಾಗಿದೆಯೇ?’ ಎಂದಾಗ ಅವರು ಕೊಟ್ಟ ಉತ್ತರ ‘ಕೆಲಸವೇ ಇಲ್ಲವಲ್ಲ’ ಎಂದು. ಕೇಳಿದವರು ಅದಕ್ಕೆ 0 ಹಾಕಿದರು. ಇಡೀ ಪ್ರಕರಣದ ಬೀಗದ ಕೈ ಆ ಉತ್ತರದಲ್ಲೇ ಇತ್ತು. ಮೂರನೆಯದು, ನಿದ್ದೆಯ ಪ್ರಶ್ನೆಗೆ ‘ಪರವಾಗಿಲ್ಲ’ ಎಂದದ್ದನ್ನು ಹಾಗೆಯೇ ನಂಬಿದ್ದು. ನಿದ್ದೆ ಪರವಾಗಿಲ್ಲ ಎನಿಸಿದ್ದು ಮೆಡಿಕಲ್ ಶಾಪಿನಿಂದ ತರಿಸಿಕೊಳ್ಳುತ್ತಿದ್ದ 0.5 ಮಿ.ಗ್ರಾಂ. ಆಲ್ಪ್ರಜೋಲಮ್ ಎಂಬ ನಿದ್ರಾಮಾತ್ರೆಯಿಂದ. ಯಾವಾಗಲೋ ಒಮ್ಮೆ ಬರೆದುಕೊಟ್ಟ ಚೀಟಿಯನ್ನೇ ತೋರಿಸಿ ಸುಮಾರು ಒಂದು ವರ್ಷದಿಂದ ದಿನವೂ ನುಂಗುತ್ತಿದ್ದರು. ಮಾತ್ರೆಯ ಡಬ್ಬಿಯನ್ನು ಯಾರೂ ತೆರೆದು ನೋಡಿರಲಿಲ್ಲ.

2022ರ ಜೂನ್ ಕೊನೆಯ ವಾರ ಕೊಡಗು–ಸುಳ್ಯ ಗಡಿಯ ಚೆಂಬು, ಸಂಪಾಜೆ ಕಡೆ ಸಣ್ಣ ಭೂಕಂಪನಗಳಾದವು. 2018ರ ಜುಲೈನಲ್ಲಿಯೂ ಹೀಗೇ ಭೂಮಿ ನಡುಗಿ, ಮುಂದಿನ ತಿಂಗಳು ಗುಡ್ಡ ಜರಿದದ್ದು ಜನರ ನೆನಪಿನಲ್ಲಿದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇರಲಿ ಬಿಡಲಿ, ನೆನಪು ಅವೆರಡನ್ನೂ ಗಂಟು ಹಾಕಿಬಿಟ್ಟಿದೆ. ತಾಯಿ ಅಂದಿನಿಂದ ಮಲಗುವುದನ್ನೇ ಬಿಟ್ಟರು. ಜುಲೈ ಮೊದಲ ವಾರ ಸೊಸೆಯೇ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದಳು: ‘ಅತ್ತೆ ರಾತ್ರಿಯೆಲ್ಲ ಬಾಗಿಲು ತೆಗೆದು ಹಾಕಿ ಮಾಡ್ತಾರೆ ಅಕ್ಕ.’

ಎರಡನೆಯ ಮೌಲ್ಯಮಾಪನ

ಈ ಸಲ ಮಾತು ನಡೆದದ್ದು ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ. ಆಶಾ ಕಾರ್ಯಕರ್ತೆ ಅರೆಭಾಷೆಯಲ್ಲೇ ಮಾತಾಡಿದರು. ಮಗ ತೋಟದಲ್ಲಿದ್ದ. ‘ನಿಮ್ಮ ಬಗ್ಗೆ ನಿಮಗೇ ಕೆಟ್ಟದೆನಿಸುತ್ತದೆಯೇ?’ ಎಂಬ ಪುಸ್ತಕದ ಪ್ರಶ್ನೆಯ ಬದಲು ‘ಅವ್ವ, ಮಾಡಬೇಕಾದ್ದು ಮಾಡದೆ ಉಳಿದದ್ದು ಏನಾದರೂ ಇದೆಯಾ?’ ಎಂದು ಕೇಳಲಾಯಿತು. ಒಂದೂವರೆ ಗಂಟೆ ಮಾತು ನಿಲ್ಲಲಿಲ್ಲ. ಗಂಡನನ್ನು ಅವರ ನೆಲದಲ್ಲಿ ಮಲಗಿಸಲಾಗಲಿಲ್ಲ. ಗುರುಕಾರಣರಿಗೆ, ಎಂದರೆ ಮನೆತನದ ಹಿರಿಯರಿಗೆ, ನಾಲ್ಕು ವರ್ಷದಿಂದ ಎಡೆ ಬಡಿಸಿಲ್ಲ. ಹುತ್ತರಿಗೆ, ಎಂದರೆ ಹೊಸ ಬೆಳೆಯ ಹಬ್ಬಕ್ಕೆ, ಕದಿರು (ಭತ್ತದ ತೆನೆ) ತೆಗೆಯಲು ಗದ್ದೆಯಿಲ್ಲ. ಹಸುಗಳನ್ನು ಹಗ್ಗ ಬಿಚ್ಚದೆ ಬಿಟ್ಟು ಓಡಿಬಂದೆವು.

ಸಾವಿನ ಯೋಚನೆಯ ಬಗ್ಗೆ ಸುತ್ತಿ ಬಳಸಿ ಕೇಳಬಾರದು. ಇಲ್ಲಿ ಕೇಳಿದ್ದು ಹೀಗೆ: ‘ಸತ್ತಿದ್ದರೆ ಒಳ್ಳೆಯದಿತ್ತು ಅನಿಸಿದೆಯಾ? ಹೇಗೆ ಸಾಯುವುದು ಎಂದು ಯೋಚನೆ ಬಂದಿದೆಯಾ?’ ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ. ಆದರೂ ಮಗ ಸ್ಟೋರ್ ಮಾಡಿದ್ದ ಕಳೆನಾಶಕ, ಕೀಟನಾಶಕದ ಕ್ಯಾನುಗಳನ್ನು ಅದೇ ದಿನ ಮನೆಯಿಂದ ತೆಗೆಸಿ ತೋಟದ ಶೆಡ್ಡಿನಲ್ಲಿ ಬೀಗ ಹಾಕಿದ ಪೆಟ್ಟಿಗೆಗೆ ಸಾಗಿಸಲಾಯಿತು. ಕಾಫಿ ಸೀಮೆಯಲ್ಲಿ ಇದು ಮೊದಲ ದಿನದ ಕೆಲಸ, ಎರಡನೇ ಭೇಟಿಗೆ ಎಂದು ಮುಂದೂಡುವಂಥದ್ದಲ್ಲ.

ಅಂಕ 17 ಬಂತು. ಏಪ್ರಿಲ್‌ನಲ್ಲಿಯೂ ಬಹುಶಃ ಇದೇ ಆಸುಪಾಸಿನಲ್ಲಿತ್ತು.

ಗುಡ್ಡ ಜರಿದ ಕಡೆಯಿಂದ ಬಂದವರು, ಮಳೆಗೆ ಹೆದರುತ್ತಾರೆ ಎಂದೊಡನೆ ‘ಆಘಾತೋತ್ತರ ಒತ್ತಡ’ ಎಂದು ಬರೆದುಬಿಡುವುದು ಸುಲಭ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರ ಪ್ರಕಾರ ಅದಕ್ಕೆ ಮೂರು ಲಕ್ಷಣ ಬೇಕು: ನಡೆದದ್ದು ಈಗಲೇ ನಡೆಯುತ್ತಿದೆ ಎಂಬಂತೆ ಮರುಕಳಿಸುವುದು, ಅದನ್ನು ನೆನಪಿಸುವುದರಿಂದ ದೂರ ಸರಿಯುವುದು, ಈಗಲೂ ಅಪಾಯದಲ್ಲಿದ್ದೇನೆ ಎಂಬ ನಿರಂತರ ಭಾವ. ಇವರಲ್ಲಿ ಮೂರನೆಯದು ಮಳೆಗಾಲದಲ್ಲಿ ಮಾತ್ರ ಇತ್ತು. ಎರಡನೆಯದಂತೂ ತಿರುಗುಮುರುಗು: ಅವರು ಆ ಜಾಗಕ್ಕೆ ಹೋಗಲು ಹಂಬಲಿಸುತ್ತಿದ್ದರು, ತಡೆಯುತ್ತಿದ್ದವನು ಮಗ. ದೀರ್ಘಕಾಲದ ಶೋಕವನ್ನೂ ಪರಿಗಣಿಸಲಾಯಿತು, ಆದರೆ ಹಂಬಲ ಗಂಡನೊಬ್ಬನ ಸುತ್ತಲೇ ಇರಲಿಲ್ಲ. ಮನೋವೈದ್ಯರ ನಿರ್ಣಯ ಮಧ್ಯಮ ಪ್ರಮಾಣದ ಖಿನ್ನತೆ, ಜೊತೆಗೆ ನಿದ್ರಾಮಾತ್ರೆಯ ಅವಲಂಬನೆ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಪರೀಕ್ಷೆಗಳಲ್ಲಿ ತೂಕ ಇಳಿದದ್ದಕ್ಕೆ ಬೇರೆ ಕಾರಣ ಸಿಗಲಿಲ್ಲ.

ಎರಡು ಗಡಿಯಾರ

ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಭಾಗದಲ್ಲಿ ತಟ್ಟೆ ಇಟ್ಟು ಎರಡು ವೃತ್ತ ಬರೆಯಲಾಯಿತು. ಒಂದು 2018ರ ಮೊದಲಿನ ದಿನ, ಇನ್ನೊಂದು ನಿನ್ನೆಯ ದಿನ. ಏನೇನು ಮಾಡುತ್ತಿದ್ದಿರಿ, ಗಂಟೆಗಂಟೆಗೆ ಹೇಳಿ ಎಂದಾಗ ತುಂಬಿಸಿದವಳು ಮೊಮ್ಮಗಳು.

ಹಳೆಯ ವೃತ್ತದಲ್ಲಿ ಜಾಗ ಸಾಲಲಿಲ್ಲ. ಐದಕ್ಕೆ ಎದ್ದು ಹಂಡೆಯ ಒಲೆಗೆ ಬೆಂಕಿ. ಐದೂವರೆಗೆ ಹಾಲು ಕರೆಯುವುದು. ಏಳಕ್ಕೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುವುದು. ಅಕ್ಕಿರೊಟ್ಟಿ. ಎಂಟಕ್ಕೆ ಆಳುಗಳಿಗೆ ಆ ದಿನದ ಕೆಲಸ ಹೇಳುವುದು. ಕೊಟ್ಟಿಗೆ ಗುಡಿಸಿ ಗೊಬ್ಬರ ಗುಂಡಿಗೆ. ಕಾಲಕ್ಕೆ ತಕ್ಕಂತೆ ಮೆಣಸು ಬಿಡಿಸುವುದು, ಕಣದಲ್ಲಿ ಕಾಫಿ ಹರಡಿ ಮಗುಚುವುದು, ನಾಟಿ, ಕಳೆ. ಮಳೆಗಾಲದಲ್ಲಿ ಕಣಿಲೆ, ಅಣಬೆ, ಕೆಸುವಿನ ಸೊಪ್ಪು ತರುವುದು. ಒಟ್ಟು 23 ಕೆಲಸ. ಹೊಸ ವೃತ್ತದಲ್ಲಿ ಆರು: ಎದ್ದದ್ದು, ಕಾಫಿ, ಟಿವಿ, ಊಟ, ಮಾತ್ರೆ, ಮಲಗಿದ್ದು. ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ ತಾಯಿ ಅಂದದ್ದು: ‘ಮನೆ ಉಟ್ಟು, ಕೆಲ್ಸ ಇಲ್ಲೆ.’

ಸೊಸೆ ಅತ್ತುಬಿಟ್ಟಳು. ಇಷ್ಟೆಲ್ಲ ಅನುಭವಿಸಿದ ಅತ್ತೆ ಇನ್ನಾದರೂ ಆರಾಮವಾಗಿರಲಿ ಎಂದು ಗ್ಯಾಸ್ ಒಲೆಯ ಹತ್ತಿರಕ್ಕೂ ಬಿಟ್ಟಿರಲಿಲ್ಲ. ‘ಅತ್ತೆ, ನೀವು ಕೂತ್ಕೊಳ್ಳಿ’ ಎಂಬ ಮಾತು ದಿನಕ್ಕೆ ಹತ್ತು ಸಲ. ಪ್ರೀತಿಯಿಂದಲೇ ಆಡಿದ ಮಾತು ಅದು, ಆದರೆ ಉಳಿದಿದ್ದ ನಾಲ್ಕು ಕೆಲಸವನ್ನೂ ಕಿತ್ತುಕೊಂಡಿತ್ತು. ಯುದ್ಧಪೀಡಿತ ನಿರಾಶ್ರಿತರ ನಡುವಿನ ಅಧ್ಯಯನಗಳು ಹೇಳುವುದೂ ಇದನ್ನೇ: ಕಂಡ ಭೀಕರತೆಯಷ್ಟೇ ಅಲ್ಲ, ನೆಲೆ ನಿಂತ ಮೇಲಿನ ದಿನನಿತ್ಯದ ಕೊರತೆಗಳೂ ಖಿನ್ನತೆಗೆ ದೊಡ್ಡ ಕಾರಣ. ಸಮಾಲೋಚನೆಗೆ ಹೋದವರು ‘ಏನೇನು ಕಳೆದುಕೊಂಡಿರಿ’ ಎಂದು ಕೇಳುವುದಕ್ಕಿಂತ ‘ನಿನ್ನೆ ಬೆಳಿಗ್ಗೆ ಎದ್ದು ಏನು ಮಾಡಿದಿರಿ’ ಎಂದು ಕೇಳುವುದು ಮೇಲು.

ಮಾತ್ರೆಯ ಲೆಕ್ಕ

ಖಿನ್ನತೆಗೆ ಎಸ್ಸಿಟಾಲೋಪ್ರಾಮ್ ಮಾತ್ರೆ, 5 ಮಿ.ಗ್ರಾಂ. ಒಂದು ವಾರ, ನಂತರ 10. ಈ ವಯಸ್ಸಿನವರಿಗೆ ಸಾಮಾನ್ಯವಾಗಿ 10ರಲ್ಲೇ ನಿಲ್ಲಿಸುತ್ತಾರೆ. ಮೊದಲ ವಾರ ಹೊಟ್ಟೆ ತೊಳೆಸಬಹುದು, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಇದನ್ನು ಮೊದಲೇ ಹೇಳದಿದ್ದರೆ ನಾಲ್ಕನೇ ದಿನವೇ ‘ನಂಗೆ ಆಗಿ ಬರಲಿಲ್ಲ’ ಎಂದು ಬಿಟ್ಟುಬಿಡುತ್ತಾರೆ.

ಒಂದು ಅಪಾಯ ಕೂದಲೆಳೆಯಲ್ಲಿ ತಪ್ಪಿತು. ಬಿಪಿಗೆ ಅವರು ನುಂಗುತ್ತಿದ್ದ ಮಾತ್ರೆಯಲ್ಲಿ ಟೆಲ್ಮಿಸಾರ್ಟಾನ್ ಜೊತೆಗೆ ಹೈಡ್ರೋಕ್ಲೋರೋಥಯಾಜೈಡ್ ಕೂಡ ಇತ್ತು. ಮೂತ್ರ ಹೆಚ್ಚಿಸುವ ಈ ಔಷಧವೂ ಎಸ್ಸಿಟಾಲೋಪ್ರಾಮ್‌ನಂಥ ಮಾತ್ರೆಯೂ ಸೇರಿದರೆ ವಯಸ್ಸಾದವರಲ್ಲಿ, ಅದರಲ್ಲೂ ತೂಕ ಕಡಿಮೆ ಇರುವ ಹೆಂಗಸರಲ್ಲಿ, ರಕ್ತದ ಸೋಡಿಯಂ ಇಳಿಯಬಹುದು. ಸುಸ್ತು, ತಲೆನೋವು, ಮಂಕು, ತಡವರಿಕೆ ಬರುತ್ತದೆ. ಮನೆಯವರು ಖಿನ್ನತೆ ಜೋರಾಯಿತು ಎಂದುಕೊಳ್ಳುತ್ತಾರೆ, ಕೆಲವೊಮ್ಮೆ ಮಾತ್ರೆಯ ಪ್ರಮಾಣವೂ ಏರಿಬಿಡುತ್ತದೆ. ಇವರ ಸೋಡಿಯಂ ಶುರುವಿನಲ್ಲಿ 136 ಇತ್ತು. ಎರಡು ವಾರಕ್ಕೆ 131. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಬಿಪಿ ಮಾತ್ರೆಯನ್ನು ಆಮ್ಲೋಡಿಪಿನ್‌ಗೆ ಬದಲಿಸಿದರು. ಮತ್ತೆರಡು ವಾರಕ್ಕೆ 137. ಮನೆಯಲ್ಲಿರುವ ಎಲ್ಲ ಮಾತ್ರೆ, ಟಾನಿಕ್ಕುಗಳನ್ನು ಒಂದು ಚೀಲಕ್ಕೆ ಹಾಕಿ ಆಸ್ಪತ್ರೆಗೆ ತರಲು ಹೇಳುವುದು ಇದಕ್ಕಾಗಿಯೇ.

ಆಲ್ಪ್ರಜೋಲಮ್ಮನ್ನು ಒಂದೇ ದಿನ ನಿಲ್ಲಿಸಬಾರದು. ನಿದ್ದೆಗೇಡು, ನಡುಕ ಬರುತ್ತದೆ, ಫಿಟ್ಸ್ ಕೂಡ ಆಗಬಹುದು. ಎಸ್ಸಿಟಾಲೋಪ್ರಾಮ್ ಹಿಡಿದ ನಾಲ್ಕು ವಾರದ ನಂತರ ಇಳಿಸಲು ಶುರು: 0.25ರ ಮಾತ್ರೆ ಎರಡರಿಂದ ಒಂದೂವರೆ, ಒಂದು, ಅರ್ಧ, ಪ್ರತಿ ಹಂತಕ್ಕೆ ಎರಡು ವಾರ. ಚೀಟಿಯನ್ನು ಸೊಸೆ ಇಟ್ಟುಕೊಂಡಳು. ಮೂರನೇ ಹಂತದಲ್ಲಿ ಎರಡು ರಾತ್ರಿ ನಿದ್ದೆ ಕೆಟ್ಟಿತು. ಮೇಲಕ್ಕೆ ಏರಿಸದೆ ಅದೇ ಹಂತದಲ್ಲಿ ಇನ್ನೊಂದು ವಾರ ನಿಲ್ಲಿಸಿ ಮುಂದುವರಿಸಲಾಯಿತು. ಔಷಧಿ ಪಡೆಯುವುದು, ತೋರಿಸುವುದು ಎಲ್ಲ ರಾಜ್ಯ ಸರ್ಕಾರದ ಮಾನಸಿಕ ಆರೋಗ್ಯದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್‌ನಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲೇ ನಡೆಯಿತು. 2022ರ ಅಕ್ಟೋಬರ್‌ನಲ್ಲಿ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಶುರುವಾದ ಮೇಲೆ 14416 ಎಂದು ದೊಡ್ಡಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಲಾಯಿತು.

ತಾರಸಿ ಮನೆಯಲ್ಲಿ ಕೇಳಿಸದ ಮಳೆ

ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಬಟ್ಟೆಚೀಲ. ಒಳಗೆ ಆಧಾರ್, ರೇಷನ್ ಕಾರ್ಡು, ಆರ್‌ಟಿಸಿ ಪ್ರತಿ, ಗಂಡನ ಫೋಟೋ, ಟಾರ್ಚು. ಮಳೆಯ ರಾತ್ರಿ ಮಂಚದ ಪಕ್ಕ ಚಪ್ಪಲಿ ಬಾಗಿಲ ಕಡೆ ಮುಖ ಮಾಡಿ ಇಟ್ಟಿರುತ್ತದೆ. ಇಲ್ಲಿಯವರೆಗೆ ಅರ್ಥವಾಗುವುದು ಸುಲಭ. ಅರ್ಧ ಗಂಟೆಗೊಮ್ಮೆ ಎದ್ದು ಬಾಗಿಲು ತೆಗೆಯುವುದು ಏಕೆ ಎಂಬುದು ಮಾತ್ರ ಮೂರನೇ ಭೇಟಿಯವರೆಗೆ ಗೊತ್ತಾಗಲಿಲ್ಲ.

ಹಳೆಯ ಮನೆಗೆ ಮಂಗಳೂರು ಹಂಚು. ಹಂಚಿನ ಮೇಲಿನ ಸದ್ದಿನಲ್ಲೇ ಮಳೆ ಎಷ್ಟು, ಗಾಳಿ ಯಾವ ಕಡೆಯದು, ಎದ್ದು ಕಣಿವೆಯ ನೀರು ನೋಡಬೇಕೋ ಬೇಡವೋ ಎಂದು ಮಲಗಿದಲ್ಲೇ ಗೊತ್ತಾಗುತ್ತಿತ್ತು. ಕಾಂಕ್ರೀಟ್ ತಾರಸಿಯ ಕೆಳಗೆ ಏನೂ ಕೇಳುವುದಿಲ್ಲ. ನಮಗೆ ನೆಮ್ಮದಿ ಅನಿಸುವ ಆ ಮೌನ ಅವರಿಗೆ ಕಣ್ಣು ಕಟ್ಟಿದ ಹಾಗೆ. ಬಾಗಿಲು ತೆಗೆಯುತ್ತಿದ್ದದ್ದು ಮಳೆಯನ್ನು ಕೇಳಲು.

‘ಏನೂ ಆಗುವುದಿಲ್ಲ, ಮಲಗಿ ಅವ್ವ’ ಎಂದು ಮಗ ಹೇಳುತ್ತಿದ್ದ. ಈ ಮಾತು ಕೆಲಸ ಮಾಡುವುದಿಲ್ಲ, 2018ರಲ್ಲಿಯೂ ಎಲ್ಲರೂ ಹಾಗೆಯೇ ಅಂದಿದ್ದರು. ಹಾಗಾಗಿ ಮೊದಲು ನಿಜವಾದ ಅಪಾಯವನ್ನು ಅಳೆಯಲಾಯಿತು. ಬಡಾವಣೆಯ ಹಿಂದೆ ಬರೆ, ಎಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಗೋಡೆ, ಇದೆ, ಇವರ ಮನೆ ಅದರಿಂದ ಮೂರನೇ ಸಾಲು. ಪಂಚಾಯಿತಿಯ ಎಂಜಿನಿಯರ್ ಜೊತೆ ತಾಯಿಯೇ ನಡೆದು ಹೆಜ್ಜೆ ಎಣಿಸಿದರು: 84. ಬರೆಯ ಬುಡದ ಚರಂಡಿ ಕಟ್ಟಿಕೊಂಡಿತ್ತು, ತೆಗೆಸಲಾಯಿತು. ಏನು ಕಂಡರೆ ಮನೆ ಬಿಡಬೇಕು ಎಂಬ ಪಟ್ಟಿಯೂ ಸಿದ್ಧವಾಯಿತು: ನೆಲದಲ್ಲಿ ಹೊಸ ಬಿರುಕು, ಮರ ವಾಲಿದ್ದು, ಒಮ್ಮೆಲೇ ಕೆಂಪಾದ ಒರತೆಯ ನೀರು, ಬಾಗಿಲು ಕಿಟಕಿ ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವುದು.

ನಂತರ ಮಳೆಮಾಪಕ. ಕೊಡಗಿನ ತೋಟದ ಮನೆಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಬರೆದಿಡುವ ರೂಢಿ ಹಳೆಯದು. ನೂರು ಸೆಂಟಿಗೆ ಒಂದು ಇಂಚು. ಈ ಮನೆಯಲ್ಲಿ ಅದನ್ನು ಬರೆಯುತ್ತಿದ್ದವರು ತಾಯಿಯೇ. ಮೂವತ್ತಕ್ಕೂ ಹೆಚ್ಚು ವರ್ಷದ ಪುಸ್ತಕಗಳು ಮಣ್ಣಿನಡಿ ಹೋದವು. ಪರಿಚಯದ ತೋಟವೊಂದರಿಂದ ಹಳೆಯ ತಾಮ್ರದ ಮಾಪಕ, ಅಳತೆ ಗ್ಲಾಸು ಸಿಕ್ಕಿತು. ಮನೆಯ ಮುಂದೆ, ಸೂರಿನ ನೀರು ಸಿಡಿಯದ ಕಡೆ, ಹೂಳಿ ನಿಲ್ಲಿಸಲಾಯಿತು. ಬೆಳಿಗ್ಗೆ ಏಳಕ್ಕೆ ಅಳೆದು ಬರೆಯುವುದು. ರಾತ್ರಿ ಒಂಬತ್ತಕ್ಕೆ ಒಮ್ಮೆ ನೋಡುವುದು. ಬೆಳಗಿನಿಂದ ಎರಡು ಇಂಚಿನೊಳಗಿದ್ದರೆ ಮಲಗುವುದು. ಹೆಚ್ಚಿದ್ದರೆ ಮಗ ಟಾರ್ಚು ಹಿಡಿದು ಚರಂಡಿ, ಬರೆ ನೋಡಿ ಬಂದು ಕಂಡದ್ದನ್ನು ಬಾಯಲ್ಲಿ ಹೇಳುವುದು. ರೆಡ್ ಅಲರ್ಟ್ ಇದ್ದರೆ ತಂಗಿಯ ಮನೆಗೆ ಹೋಗಬೇಕೋ ಎಂಬ ತೀರ್ಮಾನ ಹಗಲಲ್ಲೇ ಆಗಬೇಕು. ಎರಡು ಇಂಚು ಎಂಬುದು ಈ ಮನೆಯವರು ಆ ಜಾಗಕ್ಕೆ ಒಪ್ಪಿಕೊಂಡ ಗೆರೆ, ಎಲ್ಲ ಕಡೆಗೂ ಹೊಂದುವ ಸುರಕ್ಷತೆಯ ಅಳತೆ ಅಲ್ಲ.

ಮೊದಲ ಹತ್ತು ದಿನ ಇದು ಕೈಕೊಟ್ಟಿತು. ರಾತ್ರಿ ಏಳೆಂಟು ಸಲ ಎದ್ದು ಅಳೆಯತೊಡಗಿದರು. ಬಾಗಿಲು ತೆಗೆಯುವ ಚಟ ಗ್ಲಾಸಿಗೆ ದಾಟಿತ್ತು, ಅಷ್ಟೆ. ಮದ್ದು ಸರಳವಾಗಿತ್ತು: ಒಂಬತ್ತರ ಅಳತೆ ಮುಗಿದ ಮೇಲೆ ಗ್ಲಾಸು ಮೊಮ್ಮಗಳ ಕಪಾಟಿಗೆ. ಮೂರು ವಾರದಲ್ಲಿ ರಾತ್ರಿಯ ಏಳುವಿಕೆ ಎರಡಕ್ಕೆ ಇಳಿಯಿತು.

ಕೈಗೆ ಕೆಲಸ

ಸಮಾಲೋಚನೆಗೆ ಬಳಸಿದ್ದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೊರತಂದ ‘ಪ್ರಾಬ್ಲಂ ಮ್ಯಾನೇಜ್‌ಮೆಂಟ್ ಪ್ಲಸ್’ ಕ್ರಮ. ವಾರಕ್ಕೊಂದರಂತೆ ಐದು ಭೇಟಿ, ತಲಾ 90 ನಿಮಿಷ. ಉಸಿರಾಟ, ಸಮಸ್ಯೆ ಬಿಡಿಸುವುದು, ಮತ್ತೆ ಚಟುವಟಿಕೆಗೆ ಇಳಿಯುವುದು, ಜನರ ಆಸರೆ ಗಟ್ಟಿ ಮಾಡಿಕೊಳ್ಳುವುದು. ಕಣ್ಣು ಮುಚ್ಚಿ ಉಸಿರಾಡಲು ತಾಯಿ ಒಪ್ಪಲಿಲ್ಲ. ಮೊರದಲ್ಲಿ ಅಕ್ಕಿ ಕೇರುವ ಲಯಕ್ಕೆ ಉಸಿರು ಹೊಂದಿಸಿದಾಗ ತಾನಾಗಿಯೇ ಬಂತು.

ಚಟುವಟಿಕೆಯ ಹಂತದಲ್ಲಿ ಆದ ತಪ್ಪನ್ನು ಹೇಳಲೇಬೇಕು. ಬಡಾವಣೆಯ ಸ್ವಸಹಾಯ ಸಂಘದಲ್ಲಿ ಹೊಲಿಗೆ ತರಬೇತಿ ನಡೆಯುತ್ತಿತ್ತು, ಇವರನ್ನೂ ಸೇರಿಸಲಾಯಿತು. ಮೂರನೇ ದಿನಕ್ಕೆ ಬಿಟ್ಟರು. ನಲವತ್ತು ವರ್ಷ ತೋಟ ನಡೆಸಿದ ಹೆಂಗಸನ್ನು ಇಪ್ಪತ್ತರ ಹುಡುಗಿಯರ ನಡುವೆ ಸೂಜಿಗೆ ದಾರ ಪೋಣಿಸಲು ಕೂರಿಸಿದರೆ ‘ನಿನಗೆ ಏನೂ ಬರುವುದಿಲ್ಲ’ ಎಂದಂತೆ. ಆ ವಾರ ಅಂಕ ಮತ್ತೆ 14ಕ್ಕೆ ಏರಿತು. ಕೆಲಸ ಆರಿಸುವಾಗ ಹಳೆಯ ಗಡಿಯಾರದ ಹಾಳೆಯನ್ನೇ ಮುಂದಿಡಬೇಕಿತ್ತು.

ಹಾಳೆ ಮುಂದಿಟ್ಟಾಗ ಅವರೇ ಬೆರಳಿಟ್ಟದ್ದು ಮೆಣಸಿನ ಮೇಲೆ. 2023ರ ಫೆಬ್ರುವರಿಯಲ್ಲಿ ಹಿತ್ತಲಿನಲ್ಲಿ ಮೂರಡಿಗೆ ಎಂಟಡಿ ಜಾಗ, ಮೇಲೆ ನೆರಳುಬಲೆ, 200 ಪಾಲಿಥೀನ್ ಚೀಲದ ಕರಿಮೆಣಸಿನ ನರ್ಸರಿ. ಉಳಿದ ತೋಟದಿಂದ ಮಗ ತಂದ ಹಬ್ಬುಬಳ್ಳಿಯನ್ನು ಎರಡು ಮೂರು ಗಿಣ್ಣಿನ ತುಂಡು ಮಾಡಿ, ಎಲೆ ಕಿತ್ತು, ಮಣ್ಣು, ಕೊಟ್ಟಿಗೆ ಗೊಬ್ಬರ, ಮರಳು ಬೆರೆಸಿದ ಚೀಲಕ್ಕೆ ನೆಟ್ಟರು. ಮಣ್ಣು ಜರಡಿ ಹಿಡಿಯುವುದನ್ನು ಸೊಸೆ ಅವರಿಂದ ಕಲಿತಳು. ಆ ಮನೆಯಲ್ಲಿ ‘ಹೀಗಲ್ಲ, ಹೀಗೆ’ ಎಂಬ ಮಾತು ಐದು ವರ್ಷದ ನಂತರ ಕೇಳಿಸಿತು.

ಮೇ ತಿಂಗಳ ಜೋರು ಮಳೆಗೆ 43 ಗಿಡ ಕೊಳೆತವು. ಚೀಲಗಳನ್ನು ನೇರ ಸಿಮೆಂಟ್ ನೆಲದ ಮೇಲೆ ಇಟ್ಟಿದ್ದರು, ತಳದಲ್ಲಿ ತೂತು ಇರಲಿಲ್ಲ, ನೀರು ನಿಂತು ಬುಡ ಕಪ್ಪಾಗಿತ್ತು. ಎರಡು ದಿನ ಅವರು ಹಿತ್ತಲಿಗೆ ಹೋಗಲಿಲ್ಲ. ಇಂಥ ಹೊಡೆತ ಬಂದೇ ಬರುತ್ತದೆ ಎಂದು ಮೊದಲೇ ಮಾತಾಗಿತ್ತು, ಬಂದರೆ ಯಾರಿಗೆ ಫೋನ್ ಮಾಡುವುದು ಎಂದೂ ಬರೆದಿಟ್ಟಿತ್ತು. ಮೂರನೇ ದಿನ ಅವರೇ ಚೀಲಗಳ ಕೆಳಗೆ ಜಲ್ಲಿ ಹಾಸಿಸಿ, ತಳಕ್ಕೆ ತೂತು ಹೊಡೆದು, ಕೊಳೆ ತಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ ಮಾಡಿಸಿ ಹೊಡೆಸಿದರು.

ಕದಿರು

ಎಡೆ, ಹುತ್ತರಿ, ಗಂಡನ ಸಂಸ್ಕಾರದ ವಿಷಯದಲ್ಲಿ ತಂಡ ಒಂದು ಗೆರೆ ಹಾಕಿಕೊಂಡಿತ್ತು: ಪರಿಹಾರ ಹೇಳುವುದು ಆರೋಗ್ಯ ಕಾರ್ಯಕರ್ತರ ಕೆಲಸವಲ್ಲ. ‘ಇದನ್ನು ಯಾರಲ್ಲಿ ಕೇಳಬೇಕು?’ ಎಂದಷ್ಟೇ ಕೇಳುವುದು. ಕುಟುಂಬದ ಹಿರಿಯರೊಬ್ಬರು ಸೋಮವಾರಪೇಟೆ ಕಡೆ ಇದ್ದರು. ಮಗ ಅವರನ್ನು ಕರೆತಂದ. ಗುರುಕಾರಣರಿಗೆ ದಾಯಾದಿ ಮನೆಯಲ್ಲಿ ಬಡಿಸಬಹುದು, ನೆಲ ಹೋದರೆ ಹಿರಿಯರು ಹೋಗುವುದಿಲ್ಲ ಎಂದರು ಅವರು. ಇದನ್ನು ಮನೋವೈದ್ಯರು ಹೇಳಿದ್ದರೆ ಒಂದು ಸಮಾಧಾನದ ಮಾತಾಗಿ ಉಳಿಯುತ್ತಿತ್ತು.

ಹಳೆಯ ಜಾಗಕ್ಕೆ ಹೋದದ್ದು 2023ರ ಜನವರಿಯಲ್ಲಿ, ಮಣ್ಣು ಒಣಗಿ ಗಟ್ಟಿಯಾಗಿದ್ದಾಗ. ಮಳೆಗಾಲದಲ್ಲಿ ಅಥವಾ ಮಳೆ ನಿಂತ ತಕ್ಷಣ ಇಂಥ ಭೇಟಿ ಇಟ್ಟುಕೊಳ್ಳಬಾರದು, ಜರಿದ ಮಣ್ಣು ಇನ್ನೂ ಕೂತಿರುವುದಿಲ್ಲ. ಒಂದು ಗಂಟೆ ಇದ್ದರು. ಗದ್ದೆ ಇದ್ದ ಕಡೆ ದೀಪ ಹಚ್ಚಿ, ಹಸುಗಳ ಹೆಸರು ಹೇಳಿ ಅತ್ತರು. ಆ ರಾತ್ರಿ ಕೆಡಬಹುದೆಂದು ತಂಗಿ ಜೊತೆಗೆ ಮಲಗಿದ್ದಳು. ಬೆಳಗಿನವರೆಗೆ ಏಳಲಿಲ್ಲ.

ಹುತ್ತರಿ ಮಾತ್ರ ಕಗ್ಗಂಟಾಗಿತ್ತು. 2022ರ ಡಿಸೆಂಬರ್‌ನಲ್ಲಿ ಸಂಬಂಧಿಕರ ಗದ್ದೆಯಿಂದ ಕದಿರು ತಂದುಕೊಟ್ಟರೆ ‘ನಮ್ಮ ಗದ್ದೆಯದ್ದಲ್ಲ’ ಎಂದು ಮುಟ್ಟಲಿಲ್ಲ. ಮರುವರ್ಷ ಜುಲೈ ಮೊದಲ ವಾರ ಮೊಮ್ಮಗಳು ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡಕ್ಕೆ ಕೊಯ್ಯಿಸಿದಳು. ಒಂದು ಅರ್ಧಕ್ಕೆ ಹಳೆಯ ತೋಟದ ಕಡೆಯಿಂದ ತಂದ ಮಣ್ಣು, ಗೊಬ್ಬರ. ಬಿತ್ತಿದ್ದು ತುಂಗಾ ತಳಿಯ ಭತ್ತ, 140 ದಿನದ ಆಸುಪಾಸಿನಲ್ಲಿ ತೆನೆ ಬಲಿಯುತ್ತದೆ. ಆ ವರ್ಷ ಹುತ್ತರಿ ನವೆಂಬರ್ ಕೊನೆಗೆ ಬರುವುದೆಂದು ಲೆಕ್ಕ ಹಾಕಿದವರು ತಾಯಿ. ಹಕ್ಕಿ ಕಾಟಕ್ಕೆ ಹಳೆಯ ಸೊಳ್ಳೆಪರದೆ ಹೊದಿಸಿದರು. ಹುತ್ತರಿಯ ರಾತ್ರಿ ಮಗ ಡ್ರಮ್ಮಿನಿಂದ ಕದಿರು ಕೊಯ್ದ. ‘ಪೊಲಿ ಪೊಲಿಯೇ ದೇವಾ’ ಎಂದು ಕೂಗಿದ್ದು ಕೇಳಿ ಅದೇ ಸಾಲಿನ ಮನೆಗಳವರು ಒಂದೊಂದು ತೆನೆ ಕೇಳಿಕೊಂಡು ಬಂದರು. ಹನ್ನೊಂದು ಮನೆಗೆ ಕೊಟ್ಟು ಉಳಿದದ್ದನ್ನು ತಾಯಿ ಬಾಗಿಲಿಗೆ ಕಟ್ಟಿದರು, ಬಟ್ಟೆಚೀಲ ನೇತಾಡುತ್ತಿದ್ದ ಮೊಳೆಗೇ. ಚೀಲ ಕಪಾಟಿಗೆ ಹೋಯಿತು.

ಈಗಿನ ಸ್ಥಿತಿ

ಅಂಕ 17ರಿಂದ ಎಂಟು ವಾರಕ್ಕೆ 11, 2023ರ ಜನವರಿಗೆ 7, ಡಿಸೆಂಬರ್‌ಗೆ 4. ತೂಕ 52 ಕೆ.ಜಿ. ಸಾಮಾನ್ಯವಾಗಿ ಗುಣವಾದ ಮೇಲೆ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಸಿ ಇಳಿಸುತ್ತಾರೆ. ಹಾಗಾದರೆ ಮುಂಗಾರಿನಲ್ಲೋ ಅದರ ಬೆನ್ನಿಗೋ ಬಿಡಿಸಬೇಕಾಗುತ್ತಿತ್ತು. ಕೊಡಗಿನಲ್ಲಿ ಮಳೆಗೆ ಬೆದರಿದವರ ಮಾತ್ರೆಯನ್ನು ಜೂನ್–ಸೆಪ್ಟೆಂಬರ್ ನಡುವೆ ಇಳಿಸುವುದು ಬೇಡ. ಇವರಿಗೆ 2024ರ ಫೆಬ್ರುವರಿಯಲ್ಲಿ ನಾಲ್ಕು ವಾರ 5 ಮಿ.ಗ್ರಾಂ. ಕೊಟ್ಟು ನಿಲ್ಲಿಸಲಾಯಿತು.

ಅದೇ ವರ್ಷ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್ಮಲದಲ್ಲಿ ಗುಡ್ಡ ಕುಸಿಯಿತು. ಟಿವಿಯಲ್ಲಿ ದಿನವಿಡೀ ಅದೇ ಚಿತ್ರ. ಆಶಾ ಕಾರ್ಯಕರ್ತೆ ಕರೆ ಬರುವವರೆಗೆ ಕಾಯದೆ ಮರುದಿನವೇ ಹೋದರು. ತಾಯಿ ರಾತ್ರಿಯಿಡೀ ಮಲಗಿರಲಿಲ್ಲ, ಚಪ್ಪಲಿ ಮತ್ತೆ ಮಂಚದ ಪಕ್ಕ ಬಂದಿತ್ತು. ಸುದ್ದಿ ದಿನಕ್ಕೊಮ್ಮೆ, ಸಂಜೆ ಏಳಕ್ಕೆ ಮಾತ್ರ ಎಂದು ಗೊತ್ತು ಮಾಡಿ, ಒಂಬತ್ತರ ಅಳತೆಯ ನಿಯಮವನ್ನು ಮತ್ತೆ ಓದಿಸಲಾಯಿತು. ಅಂಕ 9ಕ್ಕೆ ಏರಿ ಮೂರು ವಾರದಲ್ಲಿ 5ಕ್ಕೆ ಇಳಿಯಿತು. ಮಾತ್ರೆ ಮತ್ತೆ ಬೇಕಾಗಲಿಲ್ಲ.

ಕಡತ ಮುಚ್ಚಿಲ್ಲ, ಕಾರಣ ಮಗ. ತಾಯಿಯ ಕಡೆ ಎಲ್ಲರ ಗಮನವಿದ್ದ ಎರಡು ವರ್ಷದಲ್ಲಿ ಅವನ ಕುಡಿತ ವಾರಕ್ಕೊಮ್ಮೆಯಿಂದ ದಿನಾ ಸಂಜೆಗೆ ಬಂದು ನಿಂತಿದೆ. ಕುಡಿತದ ಹಾನಿ ಅಳೆಯುವ ಆಡಿಟ್ ಪ್ರಶ್ನಾವಳಿಯಲ್ಲಿ 40ಕ್ಕೆ 18 ಬಂದಿದೆ. ಗದ್ದೆ ಹೋದದ್ದು ಅವನಿಗೂ ಹೌದು, ಅಪ್ಪನನ್ನು ಪೇಟೆಯ ಸ್ಮಶಾನಕ್ಕೆ ಹೊತ್ತವನೂ ಅವನೇ. ಅವನ ಗಡಿಯಾರವನ್ನು ಯಾರೂ ಬರೆಸಿರಲಿಲ್ಲ. ಆಗಸ್ಟ್ ಕೊನೆಯ ಮಂಗಳವಾರ ಕ್ಲಿನಿಕ್‌ಗೆ ಬರುತ್ತೇನೆಂದು ಒಪ್ಪಿದ್ದಾನೆ. ಜೊತೆಗೆ ಬರುವುದು ಸೊಸೆಯಲ್ಲ, ತಾಯಿ.